ಕೀಲಿಕೈ ಸೋದರಮಾವನದು

ಕೇಳುಗರಿಗೆ ನಮಸ್ಕಾರ.

ಕೇರಳದ ನಾಯರ್ ಸಮುದಾಯದ ಮಾತು ಬಂದಾಗ ನಮ್ಮಲ್ಲಿ ಬಹಳ ಜನ, 'ಅಲ್ಲಿ ಹೆಂಗಸರದ್ದೇ ಕಾರುಬಾರಂತೆ' ಅನ್ನುತ್ತಾರೆ. ಅದು ಅರ್ಧ ಮಾತ್ರ ನಿಜ. ವಂಶ ನಡೆಯುತ್ತಿದ್ದದ್ದು ತಾಯಿಯ ಕಡೆಯಿಂದ. ಆದರೆ ಕಣಜದ ಕೀಲಿಕೈ ಇರುತ್ತಿದ್ದದ್ದು ಸೋದರಮಾವನ ಕೈಯಲ್ಲಿ. ತುಳುನಾಡಿನ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಅಳಿಯಸಂತಾನ ಕಟ್ಟೂ ಹೆಚ್ಚುಕಮ್ಮಿ ಹೀಗೇ. ಮಲಯಾಳದಲ್ಲಿ ಇದನ್ನು ಮರುಮಕ್ಕತ್ತಾಯಂ ಅನ್ನುತ್ತಾರೆ.

ಕೂಡುಕುಟುಂಬದ ಮನೆಗೆ ಅಲ್ಲಿ ತರವಾಡು ಎಂದು ಹೆಸರು. ಅಜ್ಜಿ, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು, ಎಲ್ಲರೂ ಒಂದೇ ಸೂರಿನಡಿ. ಅನುಕೂಲಸ್ಥರದ್ದಾದರೆ ಅದು ನಾಲುಕೆಟ್ಟು: ನಾಲ್ಕೂ ಕಡೆ ಕಟ್ಟಡ, ನಡುವೆ ಆಕಾಶ ಕಾಣುವ ಅಂಗಳ. ಹಿತ್ತಿಲಲ್ಲಿ ಸರ್ಪಕಾವು, ಅಂದರೆ ನಾಗಬನ. ಆಸ್ತಿ ಎಲ್ಲರದು, ಆದರೆ 'ನನ್ನ ಪಾಲು ಕೊಡಿ' ಎಂದು ಯಾರೂ ಕೇಳುವ ಹಾಗಿರಲಿಲ್ಲ. ಗಂಡಸರಲ್ಲಿ ಹಿರಿಯನೇ ಯಜಮಾನ. ಅವನನ್ನು ಕಾರಣವರ್ ಅನ್ನುತ್ತಿದ್ದರು.

ಹಾಗಾದರೆ ಗಂಡನ ಜಾಗ ಯಾವುದು? ಅವನು ನೆಂಟ, ಅಷ್ಟೆ. ಮದುವೆಗೆ ಸಂಬಂಧಂ ಎಂಬ ಹೆಸರು. ಉರಿಯುವ ದೀಪ, ಪರ ಎಂಬ ಅಳತೆಯ ಪಾತ್ರೆಯಲ್ಲಿ ತುಂಬಿದ ಭತ್ತ, ಅದರಲ್ಲಿ ನಿಲ್ಲಿಸಿದ ತೆಂಗಿನ ಹೊಂಬಾಳೆ. ಅದರೆದುರು ಗಂಡು ಹೆಣ್ಣಿಗೆ ಪುಡವ, ಅಂದರೆ ಒಂದು ಬಟ್ಟೆ ಕೊಟ್ಟರೆ ಶಾಸ್ತ್ರ ಮುಗಿಯಿತು. ಹೋಮ ಇಲ್ಲ, ಸಪ್ತಪದಿ ಇಲ್ಲ. ಉತ್ತರ ಮಲಬಾರಿನಲ್ಲಿ ಹೆಂಡತಿ ಗಂಡನ ಮನೆಗೆ ಹೋಗುವ ರೂಢಿಯೂ ಇತ್ತು. ಉಳಿದ ಕಡೆ ಗಂಡ ರಾತ್ರಿ ಬಂದು ಬೆಳಿಗ್ಗೆ ತನ್ನ ತರವಾಡಿಗೆ ಮರಳುತ್ತಿದ್ದ. ಹೊಂದಿಕೆ ಆಗದಿದ್ದರೆ ಬಿಟ್ಟುಬಿಡಬಹುದಿತ್ತು, ಹೆಣ್ಣಿಗೂ ಆ ದಾರಿ ಇತ್ತು. ಗಂಡ ಸತ್ತರೆ ಅವಳು ಮೂಲೆ ಹಿಡಿಯಬೇಕಾಗಿರಲಿಲ್ಲ. ಇದು ಸಣ್ಣ ವಿಷಯ ಅಲ್ಲ. ನಂಬೂದಿರಿ, ಅಂದರೆ ಕೇರಳದ ಬ್ರಾಹ್ಮಣರ ಮನೆಗಳ ಕಿರಿಯ ಗಂಡುಮಕ್ಕಳೂ ನಾಯರ್ ಹೆಣ್ಣಿನ ಜತೆ ಸಂಬಂಧ ಬೆಳೆಸುತ್ತಿದ್ದರು. ಆದರೆ ಹುಟ್ಟಿದ ಮಗುವಿನ ಜತೆ ಕೂತು ಊಟ ಮಾಡಲು ಅವರ ಜಾತಿ ಬಿಡುತ್ತಿರಲಿಲ್ಲ!

ನನ್ನ ಕಣ್ಣಿಗೆ ಈ ಕಟ್ಟು ಬಿರುಕು ಬಿಟ್ಟದ್ದು ಕಾರಣವರ್ ಇದ್ದ ಜಾಗದಲ್ಲೇ. ಅವನು ಸಾಕಬೇಕಾದದ್ದು ತಂಗಿಯರ ಮಕ್ಕಳನ್ನು. ಅವನ ಸ್ವಂತ ಮಕ್ಕಳು ಇನ್ನೊಂದು ತರವಾಡಿನಲ್ಲಿ. ಕರುಳು ಎಳೆಯುವುದು ಯಾವ ಕಡೆಗೆ? ಇಲ್ಲಿನ ಕಣಜದ ಭತ್ತ ಅಲ್ಲಿಗೆ ಹೋಯಿತು ಎಂದು ಸೋದರಳಿಯಂದಿರು ಗೊಣಗಿದರು, ಆಮೇಲೆ ಕೋರ್ಟಿಗೂ ಹೋದರು. ಇಂಗ್ಲಿಷ್ ಓದಿ ವಕೀಲರಾದವರಿಗೆ, ಗುಮಾಸ್ತರಾದವರಿಗೆ ದುಡಿದದ್ದು ಹೆಂಡತಿ ಮಕ್ಕಳಿಗೇ ಸೇರಲಿ ಅನ್ನಿಸಿತು.

ಮಲಬಾರ್ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮದ್ರಾಸಿನ ಶಾಸನಸಭೆಯಲ್ಲಿ ಸಂಬಂಧಕ್ಕೆ ಕಾನೂನಿನ ಮಾನ್ಯತೆ ಕೇಳಿದವರು ಸಿ. ಶಂಕರನ್ ನಾಯರ್. 1891ರಲ್ಲಿ ಒಂದು ಆಯೋಗ ಕೂತಿತು. ಅದರ ಸದಸ್ಯರಾಗಿದ್ದ ಕಾದಂಬರಿಕಾರ ಒ. ಚಂದು ಮೇನೋನ್, ಸಂಬಂಧವೂ ಮದುವೆಯೇ ಎಂದು ವಾದಿಸಿದರು. 1896ರಲ್ಲಿ ಮಲಬಾರ್ ಮದುವೆ ಕಾಯಿದೆ ಬಂತು. ಆದರೆ ನೋಂದಾಯಿಸಲು ಬಂದವರು ತೀರಾ ಕಮ್ಮಿ. ತಿರುವಾಂಕೂರು ಸಂಸ್ಥಾನದಲ್ಲಿ 1925ರ ಕಾಯಿದೆ ಪಾಲು ಕೇಳುವ ಹಕ್ಕನ್ನೇ ಕೊಟ್ಟಿತು. ಸುಮ್ನೆ ಇರುತ್ತಾರಾ ಜನ? ಪಾಲಿನ ದಾವೆಗಳ ಸಾಲೇ ಶುರುವಾಯಿತು. ಎಷ್ಟೋ ನಾಲುಕೆಟ್ಟುಗಳನ್ನು ಕಳಚಿ ಮರಮಟ್ಟು ಮಾರಿದರು.

ಈ ಗಡಿಬಿಡಿಯ ನಡುವೆಯೇ, 1914ರ ಅಕ್ಟೋಬರ್ 31ರಂದು ಮನ್ನತ್ತು ಪದ್ಮನಾಭನ್ ಮತ್ತು ಸಂಗಡಿಗರು ನಾಯರ್ ಸರ್ವಿಸ್ ಸೊಸೈಟಿಗೆ ಬುನಾದಿ ಹಾಕಿದ್ದರು. ಮನೆಮನೆಯಿಂದ ಪಿಡಿಯರಿ, ಅಂದರೆ ಹಿಡಿ ಅಕ್ಕಿ ಕೂಡಿಸಿ ಸಂಘ ಬೆಳೆಸಿದರು. ಶಾಲೆ ಕಟ್ಟಿದರು. ಎಳೆಯ ಹುಡುಗಿಯರಿಗೆ ಸಾಲ ಮಾಡಿ ನಡೆಸುತ್ತಿದ್ದ ತಾಲಿಕೆಟ್ಟು ಕಲ್ಯಾಣ, ಅಂದರೆ ಹೆಸರಿಗಷ್ಟೇ ತಾಳಿ ಕಟ್ಟುವ ಶಾಸ್ತ್ರ, ನಿಲ್ಲಲಿ ಎಂದು ಹೋರಾಡಿದರು. ಇದನ್ನೂ ಹೇಳಬೇಕು: ನಾಯರ್ ಎದುರು ಬಂದರೆ ಕೆಳಜಾತಿಯವರು ದೂರ ಸರಿದು ನಿಲ್ಲಬೇಕಾಗಿದ್ದ ಕಾಲ ಅದು. ವೈಕಂ ಸತ್ಯಾಗ್ರಹ ನಡೆದಾಗ, 1924ರಲ್ಲಿ, ದೇವಸ್ಥಾನದ ರಸ್ತೆ ಎಲ್ಲರಿಗೂ ತೆರೆಯಲಿ ಎಂದು ಮನ್ನತ್ತು ಅವರೇ ಸವರ್ಣರ ಜಾಥಾ ಕಟ್ಟಿಕೊಂಡು ತಿರುವನಂತಪುರದವರೆಗೆ ನಡೆದರು.

1976ರ ಡಿಸೆಂಬರ್ 1ರಿಂದ ಕೇರಳದಲ್ಲಿ ಕೂಡುಕುಟುಂಬದ ಆಸ್ತಿ ಎಂಬುದನ್ನೇ ಕಾನೂನು ತೆಗೆದುಹಾಕಿತು. ಆಸ್ತಿಯ ಹೊರತು ಉಳಿದಿರುವುದು ಮದುವೆಯ ಪುಡವ, ಹೆಸರಿನ ಮುಂದೆ ತರವಾಡಿನ ಅಕ್ಷರ. ಮತ್ತೆ ಆ ಸರ್ಪಕಾವು. ಹೊಲ ಹಂಚಬಹುದು, ಮನೆ ಮಾರಬಹುದು, ನಾಗನನ್ನು ಏನು ಮಾಡುವುದು? ಹಾಗಾಗಿ ವರ್ಷಕ್ಕೊಮ್ಮೆ ಆಯಿಲ್ಯ, ಅಂದರೆ ಆಶ್ಲೇಷಾ ನಕ್ಷತ್ರದ ನಾಗಪೂಜೆಗೆಂದು ಗಲ್ಫಿನವರು, ಬೆಂಗಳೂರಿನವರು ಅಂತ ಎಷ್ಟೋ ಕುಟುಂಬಗಳಲ್ಲಿ ಎಲ್ಲರೂ ಸೇರುತ್ತಾರೆ. ಖರ್ಚು ಯಾರದು ಅನ್ನುವ ಚರ್ಚೆಯೂ ಅಲ್ಲೇ ಆಗುತ್ತದೆ, ಅಲ್ವಾ?

ನಮಸ್ಕಾರ.