ಅಮ್ಮನ ಕಾರ್ಡ್ ಅಮ್ಮನ ಕೈಯಲ್ಲೇ ಇರಲಿ

ನಮಸ್ಕಾರ. ಮೊದಲು ಒಂದು ಬಿಲ್ಲಿನ ವಿಷಯ ಹೇಳಿಬಿಡುತ್ತೇನೆ.

ಕಳೆದ ವರ್ಷ ಮೈಸೂರಿನಲ್ಲಿ ನಮ್ಮಮ್ಮ ಮನೆ ಹತ್ತಿರದ ಮೆಡಿಕಲ್ ಶಾಪ್‌ಗೆ ಹೋಗಿದ್ದರು. ಬಿಪಿ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಮಂಡಿನೋವಿಗೆ ಒಂದು ಮುಲಾಮು. ಬಿಲ್ 462 ರೂಪಾಯಿ. ಅಮ್ಮ ಪರ್ಸಿನಿಂದ ಪೆನ್ಷನ್ ಖಾತೆಯ ಕಾರ್ಡ್ ತೆಗೆದುಕೊಟ್ಟರು. ಹುಡುಗ ಅದನ್ನು ಇಸ್ಕೊಂಡು, "ವೈಫೈ ಕಾರ್ಡಮ್ಮ, ಪಿನ್ ಬೇಡ" ಅಂತ ಹೇಳಿ ಕೌಂಟರ್ ಹಿಂದಿದ್ದ ಮಷಿನ್ ಮೇಲಿಟ್ಟ. ಕುಂಯ್ ಅಂತ ಸದ್ದು ಬಂತು. "ಸ್ಲಿಪ್ ಬೇಕಾ?" ಅಂದ. "ಬೇಡಪ್ಪಾ" ಅಂದು ಅಮ್ಮ ಮನೆಗೆ ಬಂದರು.

ಸಂಜೆ ನನಗೆ ಫೋನ್. "ನೋಡು, ಮೆಸೇಜಿನಲ್ಲಿ ಒಂದು ಸೊನ್ನೆ ಜಾಸ್ತಿ ಕಾಣ್ತಿದೆ. ನನ್ನ ಕನ್ನಡಕದ ತೊಂದರೆಯಾ?"

ಕನ್ನಡಕದ ತೊಂದರೆ ಅಲ್ಲ. ಖಾತೆಯಿಂದ ಹೋಗಿದ್ದು 4,620 ರೂಪಾಯಿ.

ಆ ಹುಡುಗ ಬೇಕಂತ ಮಾಡಿದ್ದಲ್ಲ. ಅಂಗಡಿ ತುಂಬ ಜನ ಇದ್ದರು, ಅವಸರದಲ್ಲಿ ಒಂದು ಸೊನ್ನೆ ಹೆಚ್ಚು ಒತ್ತಿದ್ದ. ಅಮ್ಮ ಮರುದಿನ ಬಿಲ್ ಹಿಡಿದುಕೊಂಡು ಹೋದಾಗ ಅಂಗಡಿಯವರೇ ಬೇಜಾರು ಮಾಡಿಕೊಂಡು ಹೆಚ್ಚಿಗೆ ಹೋದ ಹಣ ವಾಪಸ್ ಕೊಟ್ಟರು. ಆದರೆ ಆ ಒಂದು ರಾತ್ರಿ ಅಮ್ಮ ಸರಿಯಾಗಿ ನಿದ್ದೆ ಮಾಡಲಿಲ್ಲ. ಪೆನ್ಷನ್ ದುಡ್ಡಿನಲ್ಲಿ ಸಂಸಾರ ಮಾಡುವವರಿಗೆ ನಾಲ್ಕು ಸಾವಿರ ಸಣ್ಣ ಮೊತ್ತ ಅಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮಲ್ಲಿ ಪಿನ್ ಇಲ್ಲದೆ ಟ್ಯಾಪ್ ಮಾಡುವ, ಅಂದರೆ ಕಾರ್ಡನ್ನು ಮಷಿನ್‌ಗೆ ಬರೀ ತಾಗಿಸಿ ಹಣ ಕೊಡುವ ಮಿತಿ 2015ರಲ್ಲಿ 2,000 ರೂಪಾಯಿ ಇತ್ತು. 2021ರ ಜನವರಿ 1ರಿಂದ ರಿಸರ್ವ್ ಬ್ಯಾಂಕ್ ಅದನ್ನು 5,000ಕ್ಕೆ ಏರಿಸಿತು. ಹಳೇ ಮಿತಿ ಇದ್ದಿದ್ದರೆ 4,620ಕ್ಕೆ ಮಷಿನ್ ಪಿನ್ ಕೇಳುತ್ತಿತ್ತು. ಪಿನ್ ಒತ್ತೋಕೆ ಅಮ್ಮ ಮಷಿನ್ ಕೈಗೆ ತೆಗೆದುಕೊಳ್ಳುತ್ತಿದ್ದರು, ಮೊತ್ತ ಕಣ್ಣಿಗೆ ಬೀಳುತ್ತಿತ್ತು. ಪಿನ್ ಹೋದಾಗ ಅದರ ಜೊತೆ ಆ ಒಂದು ನೋಟವೂ ಹೋಯಿತು.

ಹಾಗಂತ ಟ್ಯಾಪ್ ಬೇಡ, ಹಳೇ ಪದ್ಧತಿಯೇ ಚೆಂದ ಅಂತ ನಾನು ಹೇಳುತ್ತಿಲ್ಲ. ಹಳೇ ಪದ್ಧತಿ ಹೇಗಿತ್ತು ನೆನಪಿದೆ ಅಲ್ವಾ? ಪೆಟ್ರೋಲ್ ಬಂಕಿನಲ್ಲಿ ಕಾರಿನ ಕಿಟಕಿಯಿಂದ ಕಾರ್ಡ್ ಕೊಡುತ್ತಿದ್ದೆವು. ಹುಡುಗ ಹತ್ತು ಹೆಜ್ಜೆ ದೂರದಿಂದ "ಪಿನ್ ಹೇಳಿ ಸಾರ್" ಅಂತ ಕೂಗುತ್ತಿದ್ದ. ನಾವು ಕೂಡ ಕಿಟಕಿಯಿಂದ ತಲೆ ಹೊರಗೆ ಹಾಕಿ ನಾಲ್ಕೂ ಅಂಕಿ ಕೂಗಿ ಹೇಳುತ್ತಿದ್ದೆವು. ಹಿಂದಿನ ಸ್ಕೂಟರಿನವರಿಗೂ ಕೇಳಿಸುತ್ತಿತ್ತು. ಹೋಟೆಲಿನಲ್ಲಿ ಸಪ್ಲೈಯರ್‌ಗೆ ಕಾರ್ಡ್ ಕೊಟ್ಟು, ಬಿಲ್ಲಿನ ಹಿಂದೆ ಪಿನ್ ಬರೆದುಕೊಟ್ಟವರನ್ನು ನಾನೇ ನೋಡಿದ್ದೇನೆ. ಈಗಲೂ ಕೆಲವು ಕಡೆ ಇದು ನಡೆಯುತ್ತದೆ. ಇದನ್ನು ತಪ್ಪಿಸಿದ್ದು ಟ್ಯಾಪ್. ನಮ್ಮ ಅಪ್ಪ ಅಮ್ಮಂದಿರಿಗೆ ಪಿನ್ ನೆನಪಿಟ್ಟುಕೊಳ್ಳುವ, ನಡುಗುವ ಬೆರಳಲ್ಲಿ ಸಣ್ಣ ಗುಂಡಿ ಒತ್ತುವ ಕಷ್ಟ ಇಲ್ಲ. ಫೋನ್ ತೆಗೆದು, ಬಿಸಿಲಲ್ಲಿ ಕೋಡ್ ಸ್ಕ್ಯಾನ್ ಮಾಡುವ ಗೋಜೂ ಇಲ್ಲ. ಅಮ್ಮನಿಗೆ ಕಾರ್ಡೇ ಇಷ್ಟ. ಅದಕ್ಕೇ ಈ ವಿಷಯ ನನಗೆ ಇಷ್ಟು ಮುಖ್ಯ.

ನನ್ನ ಮಾತು ಒಂದೇ. ಟ್ಯಾಪ್ ಮಾಡುವಾಗ ಕಾರ್ಡ್ ನಮ್ಮ ಕೈ ಬಿಡಬಾರದು. ಆ ಕಾರ್ಡನ್ನು ಇನ್ನೊಬ್ಬರಿಗೆ ಕೊಡುವ ಅಗತ್ಯ ಇಲ್ಲದಿರಲಿ ಅಂತಾನೇ ಅದನ್ನು ಹಾಗೆ ಮಾಡಿರೋದು. ಮಷಿನ್ ನಮ್ಮ ಕಡೆ ತಿರುಗಬೇಕು, ಮೊತ್ತ ನಾವು ಓದಬೇಕು, ಆಮೇಲೆ ನಾವೇ ತಾಗಿಸಬೇಕು. ಮೂರು ಸೆಕೆಂಡಿನ ಕೆಲಸ. ಆದರೆ ನಮ್ಮ ಅಂಗಡಿಗಳಲ್ಲಿ ಇನ್ನೂ ಕೈ ಚಾಚಿ ಕಾರ್ಡ್ ಕೇಳುತ್ತಾರೆ, ನಾವೂ ಕೊಟ್ಟುಬಿಡುತ್ತೇವೆ. ಕೊಡದಿದ್ದರೆ ಅವರ ಮೇಲೆ ಅನುಮಾನ ಪಟ್ಟ ಹಾಗಾಗುತ್ತದೇನೋ ಅನ್ನುವ ಸಂಕೋಚ ನಮಗೆ.

ಜನ ಹೆದರೋದು ಬೇರೆ ವಿಷಯಕ್ಕೆ. ಬಸ್ಸಿನಲ್ಲಿ ಯಾರೋ ಮಷಿನ್ ಹಿಡಿದುಕೊಂಡು ನಮ್ಮ ಜೇಬಿನ ಹತ್ತಿರ ಬಂದು ದುಡ್ಡು ಎಳೆದುಕೊಳ್ಳುತ್ತಾರೆ ಅನ್ನುವ ವಿಡಿಯೋ ನಿಮ್ಮ ವಾಟ್ಸಾಪಿಗೂ ಬಂದಿರಬೇಕು. ಕಾರ್ಡ್ ಮಷಿನ್‌ಗೆ ಕೆಲವೇ ಸೆಂಟಿಮೀಟರ್ ಹತ್ತಿರ ಇರಬೇಕು. ಮಷಿನ್ ಯಾವುದೋ ಬ್ಯಾಂಕ್ ಖಾತೆಗೆ ಸೇರಿರುತ್ತದೆ, ದುಡ್ಡು ಹೋದ ಜಾಗ ಗೊತ್ತಾಗುತ್ತದೆ. ಪ್ರತಿ ಟ್ಯಾಪಿಗೂ ಕಾರ್ಡಿನ ಚಿಪ್ ಒಂದು ಹೊಸ ಗುಟ್ಟಿನ ಸಂಖ್ಯೆ ಕಳಿಸುತ್ತದೆ, ಅದನ್ನು ಕದ್ದು ಮತ್ತೆ ಬಳಸಿದರೆ ನಡೆಯುವುದಿಲ್ಲ. ನನ್ನ ಭಯ ಕಾರ್ಡ್ ಕಳೆದುಹೋಗುವುದರ ಬಗ್ಗೆ. ಸಿಕ್ಕವರು ಪಿನ್ ಇಲ್ಲದೆಯೇ ಅಂಗಡಿಯಲ್ಲಿ ತಾಗಿಸಬಹುದು. ಹಾಗಾಗಿ ಕಳೆದ ತಕ್ಷಣ ಬ್ಲಾಕ್ ಮಾಡಿಸಿ. ಬ್ಯಾಂಕಿನ ಸಹಾಯವಾಣಿ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ನಮ್ಮ ಮನೆಯಲ್ಲಿ ಗ್ಯಾಸಿನ ನಂಬರ್ ಪಕ್ಕದಲ್ಲೇ ಇದೆ.

ಇನ್ನೊಂದು ಅನುಕೂಲ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಟ್ಯಾಪ್ ಸೌಲಭ್ಯವನ್ನು ನಾವೇ ಆನ್ ಮಾಡಬಹುದು, ಆಫ್ ಮಾಡಬಹುದು, ಮಿತಿಯನ್ನು ನಾವೇ ಇಳಿಸಿಕೊಳ್ಳಬಹುದು. ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡ್ ಸೆಟ್ಟಿಂಗ್ಸ್ ಒಳಗೆ ಇರುತ್ತದೆ. ಅಮ್ಮನ ಕಾರ್ಡಿಗೆ ನಾವು 1,000 ಇಟ್ಟಿದ್ದೇವೆ. ತರಕಾರಿ, ಮಾತ್ರೆ, ದಿನಸಿಗೆ ಅಷ್ಟು ಸಾಕು. ಅದರ ಮೇಲೆ ಹೋದರೆ ಬರೀ ಟ್ಯಾಪಿನಿಂದ ಹಣ ಹೋಗದಿರಲಿ, ಒಳ್ಳೆಯದೇ. ಈ ಭಾನುವಾರ ಊರಿಗೆ ಹೋದಾಗ ಅಪ್ಪ ಅಮ್ಮನ ಪಕ್ಕ ಕೂತು ಇದೊಂದು ಮಾಡಿಕೊಡಿ. ನಿಮ್ಮಷ್ಟಕ್ಕೆ ಮಾಡಿ ಮುಗಿಸಬೇಡಿ, ಅವರ ಕೈಯಲ್ಲೇ ಒತ್ತಿಸಿ.

ಆಮೇಲೆ ಆ ಕುಂಯ್ ಸದ್ದು. ಅದು ಕೇಳಿದ ಕೂಡಲೇ ಹಣ ಹೋಯಿತು ಅಂತ ಅಂದುಕೊಳ್ಳಬೇಡಿ. ಕಾರ್ಡ್ ಓದಿಯಾಯಿತು ಅಂತ ಅಷ್ಟೇ. ಬ್ಯಾಂಕಿನಿಂದ ಉತ್ತರ ಬಂದು ಅಪ್ರೂವ್ಡ್ ಅಂತ ಕಾಣಬೇಕು. ನೆಟ್‌ವರ್ಕ್ ಕೈಕೊಟ್ಟಾಗ "ಇನ್ನೊಂದ್ಸಲ ಇಡಿ ಮೇಡಂ" ಅಂತಾರೆ. ಅವಸರ ಮಾಡಬೇಡಿ, ಮೆಸೇಜ್ ನೋಡಿ. ಖಾತೆಯಿಂದ ಹಣ ಹೋಗಿ ಅಂಗಡಿಯಲ್ಲಿ ಸ್ಲಿಪ್ ಬರದೇ ಇದ್ದರೆ, ಐದು ದಿನದೊಳಗೆ ಅದು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2019ರ ನಿಯಮವೇ ಇದೆ. ಅದನ್ನು ಕೇಳಿ ತೆಗೆದುಕೊಳ್ಳಿ, ಅದು ನಿಮ್ಮ ಹಕ್ಕು.

ಅಂಗಡಿಯವರಿಗೂ ನನ್ನದೊಂದು ಕೋರಿಕೆ. ಆ ಮೆಡಿಕಲ್ ಶಾಪಿನಲ್ಲಿ ನಾನೇ ಹೋಗಿ ಕೇಳಿದ್ದೆ, ಮಷಿನ್ ಯಾಕೆ ಹಿಂದಿಟ್ಟಿದ್ದೀರಿ ಅಂತ. "ಬ್ಯಾಟರಿ ನಿಲ್ಲಲ್ಲ, ಯಾವಾಗಲೂ ಚಾರ್ಜಿಗೆ ಹಾಕಿರಬೇಕು. ವೈರ್ ಇಲ್ಲಿಗಂಟ ಬರಲ್ಲ" ಅಂದರು. ನೋಡಿದೆ. ಮೊಳದುದ್ದದ ವೈರು, ಟೇಪ್ ಸುತ್ತಿ ಪ್ಲಗ್ಗಿಗೆ ಸಿಕ್ಕಿಸಿದ್ದರು. ಅಷ್ಟು ದಿನ ಊರಿನವರೆಲ್ಲ ಕಾರ್ಡ್ ಕೈಬಿಟ್ಟಿದ್ದು ಆ ಗಿಡ್ಡ ವೈರಿಗೋಸ್ಕರ. ನಿಮ್ಮ ಅಂಗಡಿಯಲ್ಲೂ ಹೀಗಿದ್ದರೆ ದಯವಿಟ್ಟು ಒಂದು ಉದ್ದದ ವೈರ್ ಹಾಕಿಸಿ.

ಅವರು ಹಾಕಿಸಿದರು. ಮೊನ್ನೆ ಅಮ್ಮನ ಜೊತೆ ನಾನೂ ಹೋಗಿದ್ದೆ. ಹುಡುಗ ಅಭ್ಯಾಸಬಲದಲ್ಲಿ ಕೈ ಚಾಚಿದ. "ಮಷಿನ್ ಈ ಕಡೆ ತಿರುಗಿಸಪ್ಪಾ" ಅಂದರು ಅಮ್ಮ. ಅವನು ತಿರುಗಿಸಿದ. ಅಮ್ಮ ಕನ್ನಡಕ ಸರಿಮಾಡಿಕೊಂಡು, "ಐನೂರ ಹದಿನೆಂಟು" ಅಂತ ಜೋರಾಗಿ ಓದಿ, ಆಮೇಲೆ ಕಾರ್ಡ್ ತಾಗಿಸಿದರು.