ಹುಳಿಯಾದ ಮಾತ್ರಕ್ಕೆ ವಿನೆಗರ್ ಆಗುವುದಿಲ್ಲ

ನಮಸ್ಕಾರ ಸ್ನೇಹಿತರೇ. ಮನೆಯಲ್ಲಿ ಆಪಲ್ ಸೈಡರ್ ವಿನೆಗರ್ ತಯಾರಿಸುವ ಕುರಿತ ನಮ್ಮ ಹಿಂದಿನ ಸಂಚಿಕೆಗೆ ಬಂದ ಪ್ರತಿಕ್ರಿಯೆಗಳಲ್ಲಿ ಒಂದು ನನ್ನನ್ನು ಬಿಡದೆ ಕಾಡುತ್ತಿದೆ. ಬರೆದವರ ಹೆಸರು ಬೇಡ, ಅವರ ಮಾತಿನ ಸಾರ ಇಷ್ಟು: ಇಷ್ಟೆಲ್ಲ ಅಳತೆ, ಲೆಕ್ಕಾಚಾರ ಯಾರಿಗೆ ಬೇಕು, ಸೇಬಿನ ಸಿಪ್ಪೆಯನ್ನು ಸಕ್ಕರೆ ನೀರಿಗೆ ಹಾಕಿ ಮೂರು ವಾರ ಇಟ್ಟೆ, ನಾಲಿಗೆಗೆ ಹಚ್ಚಿದರೆ ಹುಳಿ, ಅಲ್ಲಿಗೆ ವಿನೆಗರ್ ಆಯಿತು, ಈಗ ಅದರಲ್ಲೇ ಬೆಳ್ಳುಳ್ಳಿ ಮುಳುಗಿಸಿಟ್ಟಿದ್ದೇನೆ. ಈ ಮಾತಿಗೆ ಹಲವರು ಭೇಷ್ ಎಂದಿದ್ದಾರೆ, ಕೆಲವರು ತಾವೂ ಹಾಗೆಯೇ ಮಾಡುವುದಾಗಿ ಬರೆದಿದ್ದಾರೆ. ಆದ್ದರಿಂದ ಇಂದು ಬೇರೆ ವಿಷಯ ಎತ್ತಿಕೊಳ್ಳುವುದಿಲ್ಲ. ಜಾಡಿಯಲ್ಲಿರುವುದು ಹುಳಿಯಾಗಿದೆ ಎಂದಮಾತ್ರಕ್ಕೆ ಅದು ವಿನೆಗರ್ ಅಲ್ಲ. ಅದರಲ್ಲಿ ಎಷ್ಟು ಆಮ್ಲವಿದೆ ಎಂದು ಅಳೆದು ನೋಡಬೇಕು.

ಸೇಬಿನ ರಸ ವಿನೆಗರ್ ಆಗುವುದು ಎರಡು ಹಂತಗಳಲ್ಲಿ. ಮೊದಲು ಯೀಸ್ಟ್ ರಸದಲ್ಲಿರುವ ಸಕ್ಕರೆಯನ್ನು ಆಲ್ಕೋಹಾಲ್ ಆಗಿ ಪರಿವರ್ತಿಸುತ್ತದೆ. ಆಗ ಏಳುವ ಗುಳ್ಳೆಗಳು ಇಂಗಾಲದ ಡೈಆಕ್ಸೈಡ್. ಆಮೇಲೆ ಅಸಿಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಗಾಳಿಯ ಆಮ್ಲಜನಕವನ್ನು ಬಳಸಿಕೊಂಡು ಆ ಆಲ್ಕೋಹಾಲನ್ನು ಅಸಿಟಿಕ್ ಆಮ್ಲವಾಗಿಸುತ್ತವೆ. ಇದು ಜೀವಿಗಳು ಮಾಡುವ ಕೆಲಸ ಎಂಬುದನ್ನು ಲೂಯಿ ಪಾಸ್ಚರ್ 1860ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ. ಯೀಸ್ಟಿನ ಕೆಲಸಕ್ಕೆ ಗಾಳಿಯ ಅಗತ್ಯವಿಲ್ಲ, ಬ್ಯಾಕ್ಟೀರಿಯಾದ ಕೆಲಸ ಗಾಳಿಯಿಲ್ಲದೆ ನಡೆಯುವುದೇ ಇಲ್ಲ. ಮೊದಲ ಹಂತಕ್ಕೆ ಒಂದೆರಡು ವಾರದಿಂದ ತಿಂಗಳು ಹಿಡಿದರೆ, ಎರಡನೆಯದಕ್ಕೆ ಇನ್ನೂ ಒಂದೆರಡು ತಿಂಗಳು, ತಂಪು ಹವೆಯಲ್ಲಿ ಅದಕ್ಕಿಂತಲೂ ಹೆಚ್ಚು ಬೇಕಾಗಬಹುದು. ಹೀಗಿರುವಾಗ ಮೂರು ವಾರದ ಜಾಡಿಯಲ್ಲಿ ಇರುವುದೇನು? ಸ್ವಲ್ಪ ಸಕ್ಕರೆ, ಸ್ವಲ್ಪ ಆಲ್ಕೋಹಾಲ್, ಸೇಬಿನದೇ ಆದ ಮ್ಯಾಲಿಕ್ ಆಮ್ಲ, ಆಗತಾನೇ ಹುಟ್ಟತೊಡಗಿದ ಒಂದಿಷ್ಟು ಅಸಿಟಿಕ್ ಆಮ್ಲ. ಹುಳಿ ಇದ್ದೇ ಇರುತ್ತದೆ. ವಿನೆಗರ್ ಮಾತ್ರ ಇನ್ನೂ ಆಗಿರುವುದಿಲ್ಲ.

ಈಗ ಸಿಪ್ಪೆಯ ಲೆಕ್ಕಕ್ಕೆ ಬರೋಣ. ಎಲ್ಲೆಡೆ ಹರಿದಾಡುವ ಪಾಕವಿಧಾನದಲ್ಲಿ ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಸಕ್ಕರೆ ಎಂದಿರುತ್ತದೆ, ಅಂದರೆ ಲೀಟರಿಗೆ ಸುಮಾರು 50 ಗ್ರಾಂ. ಒಂದು ಗ್ರಾಂ ಸಕ್ಕರೆಯಿಂದ ಹೆಚ್ಚೆಂದರೆ ಅರ್ಧ ಗ್ರಾಮಿನಷ್ಟು ಆಲ್ಕೋಹಾಲ್ ಹುಟ್ಟುತ್ತದೆ. ಒಂದು ಗ್ರಾಂ ಆಲ್ಕೋಹಾಲಿನಿಂದ ಹೆಚ್ಚೆಂದರೆ 1.3 ಗ್ರಾಂ ಅಸಿಟಿಕ್ ಆಮ್ಲ. ಒಂದು ಹನಿಯೂ ಆವಿಯಾಗದೆ, ಒಂದು ಕಣವೂ ವ್ಯರ್ಥವಾಗದೆ ಎಲ್ಲವೂ ಪರಿವರ್ತನೆಯಾದರೂ ಆ ಸಕ್ಕರೆ ನೀರು ಶೇಕಡಾ 3ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಿಪ್ಪೆಯಲ್ಲಿರುವ ಸಕ್ಕರೆ ಸ್ವಲ್ಪ ಸೇರಬಹುದು, ಆದರೆ ನಿಜವಾದ ಜಾಡಿಯಲ್ಲಿ ಆಗುವ ನಷ್ಟ ಅದನ್ನು ನುಂಗಿಹಾಕುತ್ತದೆ. ಮಾರಾಟಕ್ಕೆ ಸಿಗುವ ವಿನೆಗರಿನ ಸಾಮಾನ್ಯ ಪ್ರಮಾಣ ಶೇಕಡಾ 5. ಇಡೀ ಸೇಬನ್ನು ಹಿಂಡಿ ತೆಗೆದ ರಸದಲ್ಲಿ ಶೇಕಡಾ 10ರಿಂದ 13ರಷ್ಟು ಸಕ್ಕರೆ ಇರುವುದರಿಂದ ಅಲ್ಲಿ 5ನ್ನು ಮುಟ್ಟಬಹುದು. ಸಿಪ್ಪೆ ಎಸೆಯಬಾರದು ಎಂಬ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಆದರೆ ಕಾಳಜಿಯಿಂದ ಆಮ್ಲ ಹುಟ್ಟುವುದಿಲ್ಲ.

ನಾಲಿಗೆಯಿಂದ ತಿಳಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಿಳಿಯುವುದಿಲ್ಲ. ತಾಜಾ ಸೇಬಿನ ರಸವೇ ಸಾಕಷ್ಟು ಹುಳಿ. ಅದರ ಪಿಎಚ್, ಅಂದರೆ ಆಮ್ಲೀಯತೆಯ ತೀಕ್ಷ್ಣತೆ ತೋರಿಸುವ ಅಂಕಿ, ಸಾಮಾನ್ಯವಾಗಿ 3.3ರಿಂದ 4ರೊಳಗಿರುತ್ತದೆ; ಈ ಅಂಕಿ ಕಡಿಮೆಯಾದಷ್ಟೂ ತೀಕ್ಷ್ಣತೆ ಹೆಚ್ಚು. ಉಳಿದ ಸಕ್ಕರೆ ಹುಳಿಯನ್ನು ಮುಚ್ಚುತ್ತದೆ, ಸಕ್ಕರೆ ಮುಗಿದಾಗ ಅದೇ ಹುಳಿ ಎದ್ದು ಕಾಣುತ್ತದೆ. ಹಾಗಾದರೆ ಪಿಎಚ್ ಪಟ್ಟಿ ಅದ್ದಿ ನೋಡುತ್ತೇವೆ ಎನ್ನುವವರಿಗೂ ಹೇಳಬೇಕಾದ ಮಾತಿದೆ. ಅಸಿಟಿಕ್ ಆಮ್ಲ ದುರ್ಬಲ ಆಮ್ಲ. ಶೇಕಡಾ 5ರ ದ್ರಾವಣದ ಪಿಎಚ್ ಸುಮಾರು 2.4 ಆದರೆ ಶೇಕಡಾ 1ರದ್ದು ಸುಮಾರು 2.8. ಆಮ್ಲ ಐದರಲ್ಲಿ ಒಂದು ಪಾಲಿಗೆ ಇಳಿದರೂ ಪಟ್ಟಿಯ ಬಣ್ಣದಲ್ಲಿ ಕಣ್ಣಿಗೆ ಕಾಣುವಂಥ ವ್ಯತ್ಯಾಸ ಬರುವುದು ಕಷ್ಟ. ಪಿಎಚ್ ಒಂದು ಸಂಗತಿ, ಆಮ್ಲದ ಪ್ರಮಾಣ ಇನ್ನೊಂದು. ನಾವು ಅಳೆಯಬೇಕಾದದ್ದು ಪ್ರಮಾಣವನ್ನು.

ಪ್ರಮಾಣದ ಮೇಲೆ ಇಷ್ಟು ಹಟವೇಕೆ ಎಂದರೆ, ಕಾರಣ ಆ ಬೆಳ್ಳುಳ್ಳಿಯೇ. ಬೆಳ್ಳುಳ್ಳಿ ಹೆಚ್ಚು ಆಮ್ಲವಿಲ್ಲದ ಪದಾರ್ಥ. ಅದನ್ನು ಮುಳುಗಿಸಿದಾಗ ದ್ರವದ ಆಮ್ಲದ ಒಂದು ಭಾಗ ಅದರೊಳಕ್ಕೆ ಇಳಿದುಹೋಗುತ್ತದೆ. ಬೊಟುಲಿಸಂ ಎಂಬ ಪ್ರಾಣಾಂತಿಕ ಕಾಯಿಲೆಗೆ ಕಾರಣವಾಗುವ ಬ್ಯಾಕ್ಟೀರಿಯಾ ಗಾಳಿಯಿಲ್ಲದ ಕಡೆ ಬೆಳೆಯುತ್ತದೆ, ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬೆಳೆಯಲಾರದು. ಬಲವಾದ ವಿನೆಗರಿನಲ್ಲಿ ಆ ಗಡಿಯೊಳಗೆ ಉಳಿಯುವಷ್ಟು ಆಮ್ಲದ ದಾಸ್ತಾನು ಇರುತ್ತದೆ, ಬಲಹೀನವಾದದ್ದರಲ್ಲಿ ಇರುತ್ತದೆಂಬ ಖಾತರಿಯಿಲ್ಲ. ಆ ವಿಷ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಬಡಿಯುವುದಿಲ್ಲ. ಬರೆದವರು ಇದನ್ನು ಕೇಳುತ್ತಿದ್ದರೆ ನನ್ನ ವಿನಂತಿ ಒಂದೇ: ರುಚಿ ನೋಡಲೂ ಹೋಗಬೇಡಿ, ಆ ಬೆಳ್ಳುಳ್ಳಿಯನ್ನು ಎಸೆದುಬಿಡಿ. ಹೊರಗಿಟ್ಟು ತಿಂಗಳುಗಟ್ಟಲೆ ಬಳಸುವಂಥದ್ದಕ್ಕೆ ಶೇಕಡಾ 5 ಎಂದು ಚೀಟಿಯಲ್ಲಿ ಮುದ್ರಿಸಿರುವ ವಿನೆಗರನ್ನೇ ಬಳಸಿ. ಮನೆಯದ್ದು ಸಲಾಡಿಗೆ, ಅಡುಗೆಗೆ ಬಹಳ ಸೊಗಸು.

ಅಳೆಯುವುದು ಕಷ್ಟವೇ? ಮೊದಲ ದಿನವೇ ರಸದಲ್ಲಿ ಹೈಡ್ರೊಮೀಟರ್, ಅಂದರೆ ನೀರಿಗೆ ಹೋಲಿಸಿ ದ್ರವದ ಸಾಂದ್ರತೆ ತೋರಿಸುವ ಸಾಧನ, ತೇಲಿಸಿ ನೋಡಿ. ಅದು 1.050 ತೋರಿಸಿ, ಹುದುಗು ಮುಗಿದ ಮೇಲೆ 1.000ಕ್ಕೆ ಇಳಿದರೆ ಸುಮಾರು ಶೇಕಡಾ 6.5 ಆಲ್ಕೋಹಾಲ್ ಆಗಿದೆ ಎಂದರ್ಥ. ಶೇಕಡಾ 1 ಆಲ್ಕೋಹಾಲಿಗೆ ಹೆಚ್ಚುಕಡಿಮೆ ಶೇಕಡಾ 1 ಆಮ್ಲ ಎಂದು ಹಿಡಿದು, ನಷ್ಟವನ್ನು ಕಳೆದರೆ ಎಲ್ಲಿಗೆ ಮುಟ್ಟಬಹುದೆಂಬ ಅಂದಾಜು ಸಿಗುತ್ತದೆ. ಕೊನೆಯ ಪರೀಕ್ಷೆಗೆ ಪ್ರಯೋಗಾಲಯದ ಸಾಮಗ್ರಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನೇರಳೆ ಎಲೆಕೋಸಿನ ಎಲೆಗಳನ್ನು ಬಿಸಿನೀರಿನಲ್ಲಿ ನೆನೆಸಿ ಬಣ್ಣದ ನೀರು ತೆಗೆದಿಡಿ. 100 ಮಿಲಿಲೀಟರ್ ನೀರಿನಲ್ಲಿ 5 ಗ್ರಾಂ ಅಡುಗೆ ಸೋಡಾ ಕರಗಿಸಿ. ಎರಡು ಗಾಜಿನ ಲೋಟಗಳಲ್ಲಿ ಒಂದಕ್ಕೆ ಶೇಕಡಾ 5 ಎಂದು ಗೊತ್ತಿರುವ ವಿನೆಗರ್, ಇನ್ನೊಂದಕ್ಕೆ ನಿಮ್ಮದು, ತಲಾ 5 ಮಿಲಿಲೀಟರ್ ಹಾಕಿ. ಎರಡಕ್ಕೂ ಸಮನಾಗಿ ನೀರು ಮತ್ತು ಎಲೆಕೋಸಿನ ಬಣ್ಣ ಬೆರೆಸಿದರೆ ಎರಡೂ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಸೂಜಿಯಿಲ್ಲದ ಸಿರಿಂಜಿನಿಂದ ಸೋಡಾ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಲೋಟವನ್ನು ತಿರುಗಿಸುತ್ತಿರಿ. ನೊರೆ ಏಳುತ್ತದೆ, ಇಳಿಯುತ್ತದೆ. ಗುಲಾಬಿ ಮಾಸಿ ನೇರಳೆಯಾಗಿ, ಕೊನೆಗೊಮ್ಮೆ ನೀಲಿಯತ್ತ ವಾಲಿ ಅಲ್ಲೇ ನಿಲ್ಲುತ್ತದೆ. ಎರಡೂ ಲೋಟಗಳು ಒಂದೇ ಬಣ್ಣಕ್ಕೆ ಬರಲು ಬೇಕಾದ ಸೋಡಾ ನೀರನ್ನು ಬರೆದುಕೊಳ್ಳಿ. ಗೊತ್ತಿರುವುದಕ್ಕೆ 7 ಮಿಲಿಲೀಟರ್, ನಿಮ್ಮದಕ್ಕೆ 4 ಹಿಡಿದರೆ ನಿಮ್ಮದು ಶೇಕಡಾ 3ಕ್ಕೂ ಕಡಿಮೆ. ಇದು ಅಂದಾಜೇ ಹೌದು, ಆದರೂ ನಾಲಿಗೆಯ ತೀರ್ಪಿಗಿಂತ ಸಾವಿರ ಪಾಲು ಮೇಲು.

ಮೇಲೆ ಮದರ್ ಕಟ್ಟಿದೆ, ಇನ್ನೇನು ಬೇಕು ಎಂಬುದು ಮತ್ತೊಂದು ವಾದ. ಮದರ್ ಎಂದರೆ ಬ್ಯಾಕ್ಟೀರಿಯಾಗಳು ನೇಯ್ದ ಸೆಲ್ಯುಲೋಸಿನ ಪೊರೆ. ಕೆಲಸ ಆರಂಭವಾಗಿದೆ ಎಂದು ಅದು ಹೇಳುತ್ತದೆ, ಮುಗಿದಿದೆ ಎಂದು ಹೇಳುವುದಿಲ್ಲ. ಆಲ್ಕೋಹಾಲ್ ಪೂರ್ತಿ ತೀರಿದ ಮೇಲೂ ಜಾಡಿಯನ್ನು ಗಾಳಿಗೆ ಬಿಟ್ಟರೆ ಕೆಲವು ಅಸಿಟಿಕ್ ಬ್ಯಾಕ್ಟೀರಿಯಾಗಳು ತಾವೇ ಮಾಡಿಟ್ಟ ಆಮ್ಲವನ್ನು ನೀರು, ಇಂಗಾಲದ ಡೈಆಕ್ಸೈಡ್ ಆಗಿ ಮುಗಿಸಿಬಿಡುತ್ತವೆ. ನಿನ್ನೆ 5 ಇದ್ದದ್ದು ಮುಂದಿನ ತಿಂಗಳು 4 ಆಗಿರಬಹುದು. ಹಾಗಾಗಿ ಒಮ್ಮೆ ಅಳೆದರೂ ಸಾಲದು. ಪ್ರಮಾಣ ಏರುವುದು ನಿಂತ ಕೂಡಲೇ ಬಾಟಲಿಯ ಕತ್ತಿನವರೆಗೆ ತುಂಬಿ ಮುಚ್ಚಿಡಿ.

ಹಿಂದಿನವರು ಯಾವ ಸಿರಿಂಜು ಹಿಡಿದಿದ್ದರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅವರಿಗೆ ಸಿಕ್ಕಿರಲಿಲ್ಲ, ನಿಮಗೆ ಸಿಕ್ಕಿದೆ, ಬಳಸಿ. ಸಮಯವಿಲ್ಲ ಎನ್ನುತ್ತೀರಾ? ತಿಂಗಳುಗಟ್ಟಲೆ ಕಾದವರಿಗೆ ಹತ್ತು ನಿಮಿಷ ಇಲ್ಲವೆಂದರೆ ಒಪ್ಪಲು ನಾನು ಸಿದ್ಧನಿಲ್ಲ. ನನಗೆ ಅಭ್ಯಾಸವಿದೆ, ನೋಡಿದರೇ ತಿಳಿಯುತ್ತದೆ ಎಂಬುದನ್ನೂ ಒಪ್ಪುವುದಿಲ್ಲ. ನೋಡಿದರೆ ತಿಳಿಯುವುದಿಲ್ಲ, ಮೂಸಿದರೆ ತಿಳಿಯುವುದಿಲ್ಲ, ನೆಕ್ಕಿದರೆ ತಿಳಿಯುವುದಿಲ್ಲ. ಅಳೆಯಿರಿ. ಅಳೆಯದೆ ಯಾರಿಗೂ ಬಾಟಲಿ ತುಂಬಿ ಕೊಡಬೇಡಿ.

ಈ ವಾಹಿನಿಗೆ ಇನ್ನೂ ಚಂದಾದಾರರಾಗಿಲ್ಲದಿದ್ದರೆ ದಯವಿಟ್ಟು ಆಗಿ. ಹೈಡ್ರೊಮೀಟರ್ ಓದುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ಜಾಡಿಯ ಪಕ್ಕದಲ್ಲೇ ನಿಂತು ತೋರಿಸುತ್ತೇನೆ. ಅಷ್ಟರೊಳಗೆ ನಿಮ್ಮ ವಿನೆಗರನ್ನು ಎಲೆಕೋಸಿನ ನೀರಿನಿಂದ ಪರೀಕ್ಷಿಸಿ, ಬಂದ ಪ್ರಮಾಣವನ್ನು ಕೆಳಗೆ ಬರೆಯಿರಿ. ಘಮಘಮಿಸುತ್ತಿದೆ, ಬಣ್ಣ ಚೆನ್ನಾಗಿ ಬಂದಿದೆ ಎಂದು ಬರೆಯಬೇಡಿ. ಶೇಕಡಾ ಎಷ್ಟು ಎಂದು ಬರೆಯಿರಿ.