ಮೀಸಲು ಸೈನಿಕ ಸೇವೆ ಬಿಡುವುದು ಯಾವಾಗ?

ಕೇಳುಗರಿಗೆ ನಮಸ್ಕಾರ. ಅಮೆರಿಕದ ಮೀಸಲು ಸೈನಿಕರ ಬಗ್ಗೆ ಎಲ್ಲರೂ ಹೇಳುವ ಮಾತೊಂದಿದೆ: ಯುದ್ಧಕ್ಕೆ ಕಳಿಸಿದರೆ ಸೇವೆ ಬಿಟ್ಟುಬಿಡುತ್ತಾರೆ. ಅಲ್ಲ ಸ್ವಾಮಿ! ಕಳಿಸಿದ್ದಕ್ಕೆ ಬಿಡುವುದಿಲ್ಲ, ಹೇಳಿದ್ದೊಂದು, ಮಾಡಿದ್ದೊಂದು ಆದಾಗ ಬಿಡುತ್ತಾರೆ.

ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆರಡು ವಾರ ತರಬೇತಿ ಎಂದು ಸೇರಿದವರು ಇವರು. ಉಳಿದ ದಿನ ಅವರವರ ಉದ್ಯೋಗ. 2001ರ ನಂತರ ಈ ಲೆಕ್ಕ ತಲೆಕೆಳಗಾಯಿತು. ತರಬೇತಿಯೂ ಸೇರಿ ಸುಮಾರು 18 ತಿಂಗಳು ಮನೆ ಬಿಟ್ಟಿರಬೇಕಾಯಿತು. ಹಾಗಿದ್ದರೂ ಹೋಗಿಬಂದವರಲ್ಲಿ ಬಹಳ ಜನ ಮತ್ತೆ ಕರಾರಿಗೆ ಸಹಿ ಹಾಕಿದರು. ಕಲಿತ ಕೆಲಸ ಉಪಯೋಗಕ್ಕೆ ಬಂತು. ಯುದ್ಧವಲಯದಲ್ಲೇ ಸಹಿ ಹಾಕಿದ ಸೈನಿಕನ ಬೋನಸ್‌ಗೆ ಆದಾಯ ತೆರಿಗೆಯೂ ಇಲ್ಲ.

ಕೆಡುವುದು ಹೇಗೆ ಅಂದರೆ, ಮಿನ್ನೆಸೋಟ ರಾಜ್ಯದ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್‌ನ ಬ್ರಿಗೇಡ್ (ದೊಡ್ಡ ಸೇನಾ ತುಕಡಿ) ಒಂದನ್ನು ನೋಡಿ. ಇರಾಕ್‌ನಲ್ಲಿದ್ದ ಅವರು 2007ರ ಮಾರ್ಚ್ ಹೊತ್ತಿಗೆ ಊರಿಗೆ ಮರಳಬೇಕಿತ್ತು. ಜನವರಿಯಲ್ಲಿ ಆದೇಶ ಬಂತು: ಇನ್ನೂ 125 ದಿನಗಳವರೆಗೆ ಅಲ್ಲೇ ಇರಿ. ಒಟ್ಟು 22 ತಿಂಗಳ ಸೇವೆ, ಅದರಲ್ಲಿ ಇರಾಕ್‌ನಲ್ಲೇ 16. ಜುಲೈನಲ್ಲಿ ಮನೆಗೆ ಬಂದರು. ಕಾಲೇಜು ಓದಿನ ಸವಲತ್ತು ಕೇಳಲು ಹೋದರೆ, ಸಾವಿರಕ್ಕೂ ಹೆಚ್ಚು ಜನರ ಆದೇಶಪತ್ರದಲ್ಲಿದ್ದದ್ದು 729 ದಿನ. ಪೂರ್ತಿ ಸವಲತ್ತಿಗೆ ಬೇಕಾದದ್ದು 730. ಒಂದೇ ಒಂದು ದಿನ! ದೊಡ್ಡ ಗಲಾಟೆಯಾದ ಮೇಲೆ ದಾಖಲೆ ತಿದ್ದುವ ಕೆಲಸ ಶುರುವಾಯಿತು. ಗುಂಡಿನ ಸದ್ದಿಗೆ ಹೆದರದವನೂ ಇಂಥ ಕಾಗದ ನೋಡಿ "ಸಾಕಪ್ಪಾ" ಅಂದರೆ ಯಾರನ್ನು ದೂರೋಣ?

ಅದೇ ಜನವರಿಯಲ್ಲೇ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಹೊಸ ನಿಯಮ ತಂದರು. ಕಡ್ಡಾಯ ಕರೆ ಒಂದು ಸಲಕ್ಕೆ ಗರಿಷ್ಠ ಒಂದು ವರ್ಷ. ಆಮೇಲೆ ಐದು ವರ್ಷ ಮನೆಯಲ್ಲಿರಬೇಕೆಂಬುದು ಗುರಿ. ಸರಿಯಾದ ದಾರಿ. ಆದರೆ ಒಂದು ತುಕಡಿಯಲ್ಲಿ ಜನ ಕಡಿಮೆಯಾದರೆ ಇನ್ನೊಂದರಿಂದ ಎಳೆದು ತುಂಬುವ ರೂಢಿ ಈ ಲೆಕ್ಕವನ್ನು ಕೆಡಿಸುತ್ತದೆ. ಎರವಲು ಹೋದವನಿಗೆ ಅಧಿಕಾರಿ ಹೊಸಬ. ಅವನ ಹೆಂಡತಿಗೆ ನೆರವಾಗಬೇಕಾದ ಕುಟುಂಬ ಸಹಾಯ ತಂಡ ಇರುವುದು ಬೇರೆ ಊರಿನಲ್ಲಿ.

ಸಮಯವಾಯಿತು, ಉದ್ಯೋಗದ ಮಾತು ಬೇಗ ಹೇಳಿಬಿಡುತ್ತೇನೆ. 180 ದಿನಕ್ಕಿಂತ ಹೆಚ್ಚು ಸೇವೆ ಮಾಡಿ ಬಂದವನು 90 ದಿನದೊಳಗೆ ಹಳೆಯ ಕೆಲಸ ಕೇಳಬಹುದು. 1994ರ ಕಾನೂನು ಆ ಹಕ್ಕು ಕೊಟ್ಟಿದೆ. ಸ್ವಂತ ಗ್ಯಾರೇಜ್ ಇಟ್ಟವನಿಗೆ ಮಾತ್ರ ಇದರಿಂದ ಪ್ರಯೋಜನವಿಲ್ಲ, ಗಿರಾಕಿಗಳು ಆಗಲೇ ಬೇರೆ ಕಡೆ ಹೋಗಿರುತ್ತಾರೆ. ಹೊರಡುವ ದಿನ, ಮರಳುವ ದಿನ ಎರಡೂ ತಿಂಗಳುಗಟ್ಟಲೆ ಮೊದಲೇ ಗೊತ್ತಾಗಬೇಕಾದದ್ದು ಅವನಿಗೇ.